ಬೀಗದ ಬದಲು ಒಂದು ಕ್ಯಾಮೆರಾ

ಶಿವಾಜಿನಗರದ ಆ ಗಲ್ಲಿಯಲ್ಲಿ ಸತ್ತವರಿಗೆ ಹೆಗಲು ಕೊಡುವ ವಿಷಯದಲ್ಲಿ ಅಕ್ತರ್ ಅವರನ್ನು ಮೀರಿಸಿದವರು ಯಾರೂ ಇರಲಿಲ್ಲ. ಬದುಕಿರುವವರ ಜೊತೆ ಅವರ ವ್ಯವಹಾರ ಅಷ್ಟಕ್ಕಷ್ಟೇ. ರೇಡಿಯೋ, ಟೀವಿ ರಿಪೇರಿಯ ಅಂಗಡಿ, ಮಾತು ಕಡಿಮೆ, ಸಿಡುಕು ಜಾಸ್ತಿ. ಅವರು ‘ನಾಳೆ ಬಾ’ ಅಂದರೆ ಮುಂದಿನ ವಾರ ಎಂದು ಗಿರಾಕಿಗಳೇ ತಿಳಿದುಕೊಳ್ಳುತ್ತಿದ್ದರು. ಆದರೆ ಗಲ್ಲಿಯ ತುದಿಯಲ್ಲಿ ಕಲಿಮಾ ಹೇಳಿಕೊಂಡು ಹೆಣ ಹೊತ್ತ ಜನಾಜ ಬರುವ ಸದ್ದು ಕೇಳಿಸಿತೋ, ಮನುಷ್ಯನೇ ಬೇರೆ. ಬೆಸುಗೆ ಹಾಕುವ ಕಡ್ಡಿಯನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಜೇಬಿನಿಂದ ಟೋಪಿ ತೆಗೆದು ತಲೆಗೆ ಹಾಕಿ, ಬಾಗಿಲ ಪಕ್ಕದ ಸ್ವಿಚ್ಚನ್ನು ಒತ್ತಿಬಿಡುತ್ತಿದ್ದರು. ಅಂಗಡಿಯೊಳಗೆ ಹಾಡುತ್ತಿದ್ದ, ಒದರುತ್ತಿದ್ದ ಪೆಟ್ಟಿಗೆಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತಿದ್ದವು. ಸತ್ತವರು ಅಂಗಡಿ ಮುಂದೆ ಹಾದುಹೋಗುವಾಗ ಪೆಟ್ಟಿಗೆ ಹಾಡಬಾರದು ಎನ್ನುವುದು ಅವರ ಕಟ್ಟಳೆ. ಆಮೇಲೆ ರಸ್ತೆಗಿಳಿದು, ಜನಾಜಕ್ಕೆ ಹೆಗಲು ಕೊಟ್ಟು, ನಾಲ್ಕು ಹೆಜ್ಜೆ ನಡೆದು, ಹಿಂದೆ ಕಾದಿದ್ದವನಿಗೆ ಬಿಟ್ಟುಕೊಟ್ಟು ಬರುತ್ತಿದ್ದರು. ಹೋದವರು ಯಾರೆಂದು ಅವರು ಕೇಳುತ್ತಿರಲಿಲ್ಲ. ಹೆಗಲು ಕೊಡಲು ಬಂದವನನ್ನು ಯಾರೆಂದು ಯಾರೂ ಕೇಳುವುದೂ ಇಲ್ಲ. ಅಲ್ಲಿಯ ಪದ್ಧತಿಯೇ ಹಾಗೆ.

ಈಗ ಅಂಗಡಿ ಇಲ್ಲ. ಆ ಜಾಗದಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಅಕ್ತರ್ ಅವರಿಗೆ ಮರೆವಿನ ಕಾಯಿಲೆ. ಮೊದಲು ಗಿರಾಕಿಗಳ ಹೆಸರು ಹೋಯಿತು, ಆಮೇಲೆ ಉಂಡದ್ದು, ಆಮೇಲೆ ಮನೆಯ ದಾರಿ. ಕೆಲವು ದಿನ ಮಗಳೂ ಹೋಗುತ್ತಾಳೆ. ‘ನೀವು ಯಾರ ಮನೆಯವರು ಬೇಟಿ?’ ಎಂದು ಬಹಳ ಮರ್ಯಾದೆಯಿಂದ ಕೇಳುತ್ತಾರೆ. ಆ ಮಗಳು ರಿಮ್ಶಾ. ‘ನಿಮ್ಮ ಮನೆಯವಳೇ ಅಬ್ಬಾ’ ಎಂದು ಚಹಾದ ಲೋಟ ಕೈಗೆ ಕೊಡುತ್ತಾಳೆ. ಅಂಥ ದಿನ ಅವಳು ಮೆಟ್ರೋದಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತ ಹೋಗುತ್ತಾಳೆ. ಅಳುವುದಕ್ಕೆ ಅವಳಿಗೆ ಬೇರೆ ಜಾಗವೂ ಇಲ್ಲ, ಹೊತ್ತೂ ಇಲ್ಲ.

ಅವಳ ಕೆಲಸ ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ. ಸರ್ಕಿಟ್ ಬೋರ್ಡುಗಳನ್ನು ಒಂದೊಂದಾಗಿ ಎತ್ತಿ, ಪರೀಕ್ಷೆಯ ಯಂತ್ರದ ಮುಳ್ಳುಗಳ ಮೇಲೆ ಕೂರಿಸಿ, ಹಸಿರು ದೀಪ ಬಂದರೆ ಬಲಕ್ಕೆ, ಕೆಂಪು ಬಂದರೆ ಎಡಕ್ಕೆ. ಬೆಸುಗೆ ಹಾಕುವುದನ್ನು ಅಪ್ಪನೇ ಕಲಿಸಿದ್ದರು. ಡಿಪ್ಲೊಮಾ ಆಮೇಲೆ ಬಂತು. ಅಣ್ಣ ಮೊಹ್ಸಿನ್ ಹೆಂಡತಿ ಮಕ್ಕಳೊಂದಿಗೆ ಕೆ.ಆರ್. ಪುರದಲ್ಲಿದ್ದಾನೆ. ಕೆಟ್ಟವನಲ್ಲ. ಆದರೆ ಅಪ್ಪ ಅವನ ಮನೆಯಲ್ಲಿ ಇದ್ದದ್ದು ಒಂದೇ ವಾರ. ಪರಿಚಯವಿಲ್ಲದ ಮನೆಯಲ್ಲಿ ಅವರು ಪ್ರತಿ ಸಂಜೆ ‘ಅಂಗಡಿ ತೆಗೀಬೇಕು’ ಎಂದು ಗೋಡೆ ತಡವುತ್ತ ಅತ್ತರು. ಹಳೆಯ ಮನೆಗೆ ತಂದು ಬಿಟ್ಟ ಕೂಡಲೇ ಸುಮ್ಮನಾದರು. ಹಾಗಾಗಿ ಅಪ್ಪ ರಿಮ್ಶಾಳ ಪಾಲಿಗೆ ಉಳಿದರು, ಉಪದೇಶ ಮೊಹ್ಸಿನನ ಪಾಲಿಗೆ ಉಳಿಯಿತು. ಮಾತಿಗೆ ಸುಂಕವಿಲ್ಲವಲ್ಲ.

ಅವನ ಮೊದಲ ಉಪದೇಶ ಬೀಗ. ‘ಬೆಳಿಗ್ಗೆ ಹೊರಗಿಂದ ಬೀಗ ಹಾಕ್ಕೊಂಡು ಹೋಗು, ಸಂಜೆ ಬಂದು ತೆಗಿ. ಅಷ್ಟೇ ತಾನೆ?’

ಒಂದೇ ಒಂದು ದಿನ ರಿಮ್ಶಾ ಆ ಮಾತು ಕೇಳಿದಳು. ಆ ದಿನ ಅಕ್ತರ್ ಬಾಗಿಲು ಬಡಿದರು. ಒಳಗೆ ಮನುಷ್ಯ ಬಡಿಯುತ್ತಿದ್ದಾನೆ, ಹೊರಗೆ ಬೀಗ ನೇತಾಡುತ್ತಿದೆ, ಗಲ್ಲಿಯೆಲ್ಲ ನಿಂತು ನೋಡುತ್ತಿದೆ. ಎದುರುಮನೆಯ ಮಾರಿಯಾ ಆಂಟಿ ಕಿಟಕಿಯಿಂದ ಮಾತನಾಡಿಸಿ ಸಮಾಧಾನ ಮಾಡಲು ನೋಡಿದರು, ಆಗಲಿಲ್ಲ. ರಿಮ್ಶಾ ಓಡಿ ಬಂದು ಬಾಗಿಲು ತೆಗೆಯುವಾಗ ಅಪ್ಪನ ಎರಡು ಕೈಯ ಗೆಣ್ಣುಗಳೂ ಸುಲಿದು ರಕ್ತವಾಗಿದ್ದವು. ಅವರು ಬೈಯಲಿಲ್ಲ. ‘ನಾನು ಏನು ತಪ್ಪು ಮಾಡ್ದೆ ಸಾಬ್?’ ಎಂದು ಮಗಳನ್ನು ಕೇಳಿದರು. ಪೊಲೀಸರೇ ಹಿಡಿದುಹಾಕಿದ್ದಾರೆ ಎಂದುಕೊಂಡಿದ್ದರು. ಅಪ್ಪನ ಕೈಗೆ ಅರಿಶಿನ ಹಚ್ಚುತ್ತ ರಿಮ್ಶಾ ಹೇಳಿದಳು, ‘ನಾನು ಬದುಕಿರೋವರೆಗೂ ಈ ಬಾಗಿಲಿಗೆ ಬೀಗ ಹಾಕಲ್ಲ ಅಬ್ಬಾ.’ ಕೇಳಿಸಿಕೊಂಡವರಿಗೆ ಅರ್ಥವಾಗಲಿಲ್ಲ. ಆದರೆ ಹೇಳಿದವಳಿಗೆ ಆಗಿತ್ತು.

ಬೀಗದ ಬದಲು ಅವಳು ಕ್ಯಾಮೆರಾ ಹಾಕಿದಳು. ಅಂಗಡಿಯಲ್ಲಿ ಸಿಗುವ ರೆಡಿ ಕ್ಯಾಮೆರಾ ಅಲ್ಲ. ಅದರ ಚಿತ್ರ ಯಾವ ದೇಶದ ಯಾವ ಕಂಪನಿಯ ಕಂಪ್ಯೂಟರಿಗೆ ಹೋಗಿ ಬರುತ್ತದೋ ಯಾರಿಗೆ ಗೊತ್ತು. ಅಪ್ಪ ಬಟ್ಟೆ ಬದಲಿಸುವ ಕೋಣೆ ಅದು. ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು ತಂದಳು. ಪೆಟ್ಟಿಗೆ ಇಲ್ಲ, ಪರದೆ ಇಲ್ಲ, ಕೀಲಿಮಣೆ ಇಲ್ಲ, ಬರೀ ಹಸಿರು ಹಲಗೆ. ಅದಕ್ಕೆ ರಿಬ್ಬನ್ನಿನಂಥ ಚಪ್ಪಟೆ ವೈರಿನಲ್ಲಿ ಕಡಲೆಕಾಳಿನಷ್ಟು ಕ್ಯಾಮೆರಾ ಸಿಗಿಸಿದಳು. ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದ ಪ್ರೋಗ್ರಾಂ ಹಾಕಿ, ಪಾಸ್‌ವರ್ಡ್ ಕೊಟ್ಟು, ತನ್ನ ಫೋನಿನಲ್ಲಿ ಮಾತ್ರ ತೆರೆಯುವ ಒಂದು ಪುಟ ಮಾಡಿದಳು. ಖಾಲಿ ಬಿಸ್ಕತ್ತಿನ ಡಬ್ಬಿಗೆ ತೂತು ಕೊರೆದು ಎಲ್ಲವನ್ನೂ ಅದರೊಳಗೆ ಕೂರಿಸಿ, ಕಪಾಟಿನ ಮೇಲಿಟ್ಟಳು. ಕರೆಂಟು ಬಾಗಿಲ ಪಕ್ಕದ ಪ್ಲಗ್ಗಿನಿಂದ. ಆ ಕೋಣೆಗೆ ಇದ್ದದ್ದು ಅದೊಂದೇ ಪ್ಲಗ್ಗು.

ಬಾಗಿಲ ಪಕ್ಕದ ಸ್ವಿಚ್ಚು. ಅಕ್ತರ್ ಅವರ ಮಗಳಾಗಿ ಹುಟ್ಟಿ, ಆ ಅಂಗಡಿಯಲ್ಲೇ ಬೆಳೆದ ಹುಡುಗಿಗೆ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಗಲ್ಲಿಯಲ್ಲಿ ತಲೆಗೊಂದು ಮಾತು. ‘ಅಪ್ಪನ್ನ ಟೀವೀಲಿ ನೋಡ್ತಾಳಂತೆ’ ಎಂದು ನಕ್ಕವರಿದ್ದರು. ಆದರೆ ಡಬ್ಬಿ ಕೆಲಸ ಮಾಡಿತು. ಕಾರ್ಖಾನೆಯ ಲೈನಿನಲ್ಲಿ ಫೋನು ಇಟ್ಟುಕೊಳ್ಳುವ ಹಾಗಿಲ್ಲ. ಲೈನ್ ಲೀಡರ್ ಹಂಸ ಆ ಪಾಳ್ಯದ ಹಳೆಯ ಮನೆತನದವಳು, ಬಾಯಿ ಜೋರು, ಕರುಳು ಮೆತ್ತಗೆ. ಒಂದು ದಿನ ರಿಮ್ಶಾಳ ಫೋನಿನಲ್ಲಿ ಮಂಚದ ಮೇಲೆ ಕೂತ ಮುದುಕರನ್ನು ನೋಡಿದಳು. ‘ನಮ್ಮಜ್ಜೀಗೂ ಹಿಂಗೇ ಆಗಿತ್ತು ಕಣೇ. ಆ ಟ್ರೇ ಹಿಂದೆ ನಿಲ್ಲಿಸ್ಕೋ. ಯಾರಾದ್ರೂ ಬಂದ್ರೆ ಮಗುಚಿಬಿಡು. ನಾನಂತೂ ನೋಡಿಲ್ಲ’ ಅಂದಳು. ಅಂದಿನಿಂದ ರಿಮ್ಶಾಳ ಒಂದು ಕಣ್ಣು ಹಸಿರು ದೀಪದ ಮೇಲೆ, ಇನ್ನೊಂದು ಅಪ್ಪನ ಮೇಲೆ. ಅಪ್ಪ ಎದ್ದು ಬಾಗಿಲ ಕಡೆ ನಡೆದರೆ ಮಾರಿಯಾ ಆಂಟಿಗೆ ಫೋನು. ಅವರು ಎದುರಿಂದ ಬಂದು, ‘ಎಂಗೆ ಪೋರಿಂಗ ಭಾಯಿ, ಎಲ್ಲಿಗೆ? ಬನ್ನಿ, ಟೀ ಮಾಡಿದೀನಿ’ ಎಂದು ಕೈ ಹಿಡಿದು ಒಳಗೆ ಕೂರಿಸುತ್ತಿದ್ದರು. ಹೀಗೆ ಎಷ್ಟೋ ಸಲ ನಡೆಯಿತು. ಮೊಹ್ಸಿನ್ ಕೂಡ ಬಾಯಿ ಮುಚ್ಚಿದ.

ಒಂದೇ ತೊಂದರೆ. ಲೈವ್ ಎನ್ನುವುದು ಲೈವ್ ಅಲ್ಲ. ಕ್ಯಾಮೆರಾದ ಮುಂದೆ ಕೈ ಬೀಸಿದರೆ ಫೋನಿನಲ್ಲಿ ಅದು ಬೀಸುವುದು ಸ್ವಲ್ಪ ಹೊತ್ತಾದ ಮೇಲೆ. ಬೋರ್ಡು ಚಿತ್ರವನ್ನು ತುಂಡು ತುಂಡಾಗಿ ಗಂಟು ಕಟ್ಟಿ ಕಳಿಸುತ್ತದೆ. ಗಂಟು ತುಂಬುವವರೆಗೆ ಏನೂ ಹೊರಡುವುದಿಲ್ಲ. ಚಿತ್ರದ ಗಾತ್ರ ಇಳಿಸಿದಳು, ಸದ್ದನ್ನು ತೆಗೆದೇ ಹಾಕಿದಳು. ತಡ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಅದಕ್ಕಿಂತ ಅವಳನ್ನು ಕಾಡಿದ್ದು ನೆಟ್ಟು ಎಡವಿದಾಗಲೆಲ್ಲ ಚಿತ್ರದ ಮಧ್ಯೆ ಸುತ್ತುವ ಬಿಳಿ ಚಕ್ರ. ಅದು ಸುತ್ತಿದ ಕೂಡಲೇ ಅವಳ ಎದೆ ಬಡಿದುಕೊಳ್ಳುತ್ತಿತ್ತು, ಒಳ್ಳೆಯ ಬೋರ್ಡು ಎಡಕ್ಕೆ ಹೋಗುತ್ತಿತ್ತು.

ಆ ಚಕ್ರದ ಹಿಂದೆ ಒಂದು ಕತೆಯಿದೆ. ಕೊರೊನಾದ ಎರಡನೇ ಅಲೆಯಲ್ಲಿ ಅವಳ ತಾಯಿ ಮೆಹರುನ್ನೀಸಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಪ್ಪ ಮಗಳಿಗೂ ಕಾಯಿಲೆ ಇತ್ತು, ಮನೆಯಿಂದ ಕಾಲು ಹೊರಗಿಡುವ ಹಾಗಿಲ್ಲ. ಊರಿನ ಸತ್ತವರಿಗೆಲ್ಲ ಹೆಗಲು ಕೊಟ್ಟ ಮನುಷ್ಯನಿಗೆ ಸ್ವಂತ ಹೆಂಡತಿಯ ಜನಾಜ ಸಿಗಲಿಲ್ಲ. ಜನಾಜವೇ ಇರಲಿಲ್ಲ, ಆಂಬುಲೆನ್ಸು ನೇರವಾಗಿ ಖಬರಸ್ತಾನಕ್ಕೆ ಹೋಯಿತು. ಮಣ್ಣು ಮಾಡಲು ಬಂದಿದ್ದ ಸ್ವಯಂಸೇವಕರಲ್ಲಿ ಒಬ್ಬರು ಕನಿಕರಪಟ್ಟು ಫೋನಿನಲ್ಲಿ ಲೈವ್ ತೋರಿಸಿದರು. ಮಂಚದ ಮೇಲೆ ಅಪ್ಪ ಮಗಳು ಒಂದೇ ಫೋನಿಗೆ ತಲೆ ಬಗ್ಗಿಸಿ ಕೂತಿದ್ದರು. ಬಿಳಿ ಬಟ್ಟೆಯ ಗಂಟು ಗುಂಡಿಗೆ ಇಳಿಯಿತು. ಎಲ್ಲರೂ ಮೂರು ಹಿಡಿ ಮಣ್ಣು ಹಾಕುವ ಹೊತ್ತಿಗೆ ಚಿತ್ರ ನಿಂತುಹೋಯಿತು, ಚಕ್ರ ಸುತ್ತತೊಡಗಿತು. ಅದು ಸುತ್ತಿ ಸುತ್ತಿ ಮತ್ತೆ ಚಿತ್ರ ಬಂದಾಗ ಮಣ್ಣಿನ ದಿಬ್ಬ ಎದ್ದಾಗಿತ್ತು, ಜನ ಕೈ ತೊಳೆಯುತ್ತಿದ್ದರು. ‘ಮಣ್ಣು ಹಾಕಿದ್ದು ನೋಡ್ಲಿಲ್ಲ’ ಎಂದರು ಅಕ್ತರ್. ಆಮೇಲೆ ಎಷ್ಟೋ ದಿನ ಆ ಫೋನನ್ನು ಕೈಗೆತ್ತಿಕೊಂಡು, ರಿಪೇರಿಗೆ ಬಂದ ರೇಡಿಯೋ ತಟ್ಟುವ ಹಾಗೆ ತಟ್ಟುತ್ತಿದ್ದರು.

ಹಾಗಾಗಿ ಒಂದು ಸಂಜೆ ರಿಮ್ಶಾ ತನ್ನ ಪುಟದಿಂದ ಆ ಚಕ್ರವನ್ನು ಕಿತ್ತುಹಾಕಿದಳು. ಇನ್ನು ನೆಟ್ಟು ಎಡವಿದರೆ ಕೊನೆಯ ಚಿತ್ರ ಹಾಗೇ ನಿಂತಿರುತ್ತದೆ, ನೆಟ್ಟು ಬಂದರೆ ಮುಂದೆ ಸಾಗುತ್ತದೆ. ಎದೆ ಬಡಿತ ನಿಂತಿತು. ನೆಮ್ಮದಿ ಸುಲಭವಾಗಿ ಸಿಕ್ಕಿತೆಂದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದು ಹೇಳುವವರು ಆಗ ಯಾರೂ ಅವಳ ಹತ್ತಿರ ಇರಲಿಲ್ಲ.

ಅದಾದ ಮೇಲೆ ಬಂದ ಒಂದು ಬುಧವಾರ, ಗಲ್ಲಿಯ ಬೇಕರಿಯ ಗಯಾಜ್ ಬೆಳಗಿನ ಜಾವ ಎದೆನೋವು ಬಂದು ತೀರಿಕೊಂಡಿದ್ದರು. ರಿಮ್ಶಾ ಕೆಲಸಕ್ಕೆ ಹೊರಡುವಾಗ ಬೇಕರಿಯ ಮುಂದೆ ಕುರ್ಚಿಗಳನ್ನು ಹಾಕುತ್ತಿದ್ದರು. ಅವಳು ಒಂದು ಕ್ಷಣ ನಿಂತು ದುವಾ ಹೇಳಿ ಮೆಟ್ರೋ ಹಿಡಿದಳು. ಅಪ್ಪನ ನೆನಪು ಬರಲಿಲ್ಲವೇ ಎಂದರೆ, ಬಂತು. ಆದರೆ ತನ್ನ ಹೆಸರೇ ನೆನಪಿಲ್ಲದ ಮನುಷ್ಯನಿಗೆ ಹೆಗಲು ಎಲ್ಲಿ ನೆನಪಿರುತ್ತದೆ ಎಂದುಕೊಂಡಳು.

ಫೋನಿನಲ್ಲಿ ಅಪ್ಪ ಮಂಚದ ಮೇಲೆ ಕೂತಿದ್ದರು. ಎರಡು ಕೈ ಮಂಡಿಯ ಮೇಲೆ, ಮುಖ ಕಿಟಕಿಯ ಕಡೆ. ನೆಲದ ಮೇಲೆ ಅವರ ಚಪ್ಪಲಿ, ಚಪ್ಪಲಿಯ ಮೇಲೆ ಕಿಟಕಿಯಿಂದ ಬಿದ್ದ ಬಿಸಿಲಿನ ತುಂಡು. ಅವರು ಗಂಟೆಗಟ್ಟಲೆ ಹೀಗೇ ಕೂರುವವರು. ರಿಮ್ಶಾ ಬೋರ್ಡು ಎತ್ತಿದಳು, ನೋಡಿದಳು. ಬೋರ್ಡು ಎತ್ತಿದಳು, ನೋಡಿದಳು. ಅಪ್ಪ ಕೂತೇ ಇದ್ದರು. ಎಂದೂ ಇಲ್ಲದ ನೆಮ್ಮದಿಯ ಬೆಳಿಗ್ಗೆ ಅದು. ‘ಇವತ್ತು ನಿಮ್ಮಪ್ಪ ಚಿನ್ನ ಕಣೇ’ ಎಂದು ಹಂಸಳೂ ಹೇಳಿದಳು.

ಊಟದ ಗಂಟೆ ಹೊಡೆಯಿತು. ಡಬ್ಬಿ ತೆಗೆದು, ಫೋನನ್ನು ನೀರಿನ ಬಾಟಲಿಗೆ ಒರಗಿಸಿ, ಮೊದಲ ತುತ್ತು ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿದಳು. ಚಪ್ಪಲಿಯ ಮೇಲಿನ ಬಿಸಿಲು ಚಪ್ಪಲಿಯ ಮೇಲೇ ಇತ್ತು.

ಈ ಹೊತ್ತಿಗೆ ಆ ಬಿಸಿಲು ಗೋಡೆಯ ಬುಡಕ್ಕೆ ಹೋಗಿರಬೇಕು. ಹುಟ್ಟಿದಾಗಿನಿಂದ ನೋಡಿದ ಬಿಸಿಲು ಅದು. ಸೂರ್ಯ ನಿಂತಿರಲಾರ. ನಿಂತದ್ದು ಚಿತ್ರ.

ಪುಟವನ್ನು ಮುಚ್ಚಿ ತೆರೆದಳು. ಬರೀ ಬಿಳಿ. ಮತ್ತೆ ತೆರೆದಳು. ಬಿಳಿ. ಮಾರಿಯಾ ಆಂಟಿಗೆ ಫೋನು ಮಾಡಿದಳು. ಬೆಲ್ಲಾಯಿತು, ಆಗುತ್ತಲೇ ಇತ್ತು. ಆಮೇಲೆ ಗೊತ್ತಾಯಿತು, ಆಂಟಿ ಬುಧವಾರದ ಪೂಜೆಗೆ ಚರ್ಚಿಗೆ ಹೋಗಿ ಫೋನು ಚೀಲದಲ್ಲಿಟ್ಟಿದ್ದರು. ರಿಮ್ಶಾ ಬಾಯಲ್ಲಿದ್ದ ತುತ್ತನ್ನು ಉಗುಳಿ ಎದ್ದಳು.

‘ಹಂಸಕ್ಕಾ, ಅಬ್ಬಾ...’ ಎಂದಳು. ಫೋನನ್ನು ಅವಳ ಕಡೆ ತಿರುಗಿಸಿದಳು.

‘ಹೋಗೇ, ಹೋಗು. ನಾನು ಏನಾದ್ರೂ ಹೇಳ್ಕೋತೀನಿ’ ಎಂದಳು ಹಂಸ.

ಮೆಟ್ರೋ ಎಷ್ಟು ಬೇಗ ಹೋದರೂ ಕೂತವರ ಅವಸರಕ್ಕೆ ಹೋಗುವುದಿಲ್ಲ. ಕೆ.ಆರ್. ಪುರ, ಬೈಯಪ್ಪನಹಳ್ಳಿ, ಇಂದಿರಾನಗರ. ಪ್ರತಿ ಸ್ಟೇಷನ್ನಿನಲ್ಲೂ ಬಾಗಿಲು ನಿಧಾನವಾಗಿ ತೆರೆದು, ಹೆಂಗಸಿನ ದನಿ ಎರಡು ಭಾಷೆಯಲ್ಲಿ ಎಚ್ಚರಿಕೆ ಹೇಳಿ, ನಿಧಾನವಾಗಿ ಮುಚ್ಚುತ್ತಿತ್ತು. ಎಲ್ಲಿ ಬಿದ್ದಿರುತ್ತಾರೆ? ಬಸ್ ಸ್ಟ್ಯಾಂಡಿನ ಮುಂದಿನ ರಸ್ತೆ ದಾಟಲು ಹೋಗಿರುತ್ತಾರಾ? ರೈಲ್ವೆ ಹಳಿಯ ಕಡೆ ಹೋಗಿರುತ್ತಾರಾ? ನಿಂತ ಚಿತ್ರವನ್ನು ಇಡೀ ಬೆಳಿಗ್ಗೆ ನೋಡುತ್ತ ನೆಮ್ಮದಿಯಿಂದ ಇದ್ದೆನಲ್ಲ ಎಂದು ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು. ಮೊಹ್ಸಿನನಿಗೆ ಫೋನು ಮಾಡಿದಳು. ಅವನು ಏನೂ ಬೈಯದೆ ‘ಬರ್ತೀನಿ’ ಎಂದ. ಬೈದಿದ್ದರೆ ಚೆನ್ನಾಗಿತ್ತು.

ಎಂ.ಜಿ. ರೋಡಿನಿಂದ ಆಟೋ ಹಿಡಿದು ಗಲ್ಲಿಗೆ ಬಂದಾಗ ಮನೆಯ ಬಾಗಿಲು ಹಾರು ಹೊಡೆದಿತ್ತು. ಮಂಚ ಖಾಲಿ. ಚಪ್ಪಲಿ ಅಲ್ಲೇ. ಕಪಾಟಿನ ಮೇಲೆ ಕನ್ನಡಕ ಮಡಿಸಿಟ್ಟಿತ್ತು. ಡಬ್ಬಿಯ ಕೆಂಪು ದೀಪ ಆರಿತ್ತು. ಕರೆಂಟು ಹೋಗಿದೆಯೇ ಎಂದು ನೋಡಿದರೆ ಫ್ಯಾನು ತಿರುಗುತ್ತಿತ್ತು. ಬಾಗಿಲ ಪಕ್ಕದ ಸ್ವಿಚ್ಚು ಮಾತ್ರ ಆಫ್ ಆಗಿತ್ತು.

ಆಗ ಅವಳಿಗೆ ತಿಳಿಯಿತು. ಕನ್ನಡಕ ತೆಗೆದು, ಟೋಪಿ ಹಾಕಿ, ಸ್ವಿಚ್ಚು ಒತ್ತಿ. ಅಪ್ಪ ಎದ್ದದ್ದು, ಕಪಾಟಿನ ಹತ್ತಿರ ಬಂದದ್ದು, ಬಾಗಿಲಿಗೆ ನಡೆದದ್ದು ಎಲ್ಲವನ್ನೂ ಬೋರ್ಡು ನೋಡಿತ್ತು. ಗಂಟು ಕಟ್ಟುತ್ತಲೂ ಇತ್ತು. ಗಂಟು ಹೊರಡುವ ಮುಂಚೆ ಅಪ್ಪ ಅದರ ಬಾಯಿ ಮುಚ್ಚಿಸಿದ್ದರು.

ಬೇಕರಿಯ ಮುಂದೆ ಖಾಲಿ ಕುರ್ಚಿಗಳ ನಡುವೆ ಕೂತಿದ್ದ ಹಾಶಿಮ್ ಚಾಚಾ ಅವಳ ಮುಖ ನೋಡಿ ಎದ್ದರು. ‘ನಿಮ್ಮಪ್ಪಾನಾ? ಜನಾಜಕ್ಕೆ ಹೋದ್ರಲ್ಲಮ್ಮಾ! ಹೆಗಲೊಡ್ಡಿ ಕಂಧಾ ಕೊಟ್ರು, ನಾನೇ ನೋಡ್ದೆ. ಮಾಶಾ ಅಲ್ಲಾ, ಇವತ್ತು ಅಕ್ತರ್ ಭಾಯಿ ಹುಷಾರಾಗವ್ರೆ ಅಂತ ಎಲ್ರೂ ಖುಷಿ ಪಟ್ವಿ.’

‘ಕಾಲಿಗೆ ಚಪ್ಪಲಿ ಇರಲಿಲ್ಲ, ನೋಡ್ಲಿಲ್ವಾ ಚಾಚಾ? ಒಬ್ರಾದ್ರೂ ನಿಲ್ಲಿಸಬಾರದಿತ್ತಾ?’

‘ಕಂಧಾ ಕೊಡೋಕೆ ಬಂದೋರನ್ನ ಯಾರಮ್ಮಾ ನಿಲ್ಲಿಸ್ತಾರೆ?’ ಎಂದರು ಚಾಚಾ, ನಿಜವಾಗಿಯೂ ಆಶ್ಚರ್ಯಪಟ್ಟು.

ಅವಳು ಬೆನ್ಸನ್ ಟೌನ್ ಪಕ್ಕದ ಖಬರಸ್ತಾನಕ್ಕೆ ಆಟೋ ಹತ್ತಿದಳು. ದಾರಿಯಲ್ಲಿ ಟೋಪಿ ಹಾಕಿದ ಗಂಡಸರು ಗುಂಪು ಗುಂಪಾಗಿ ವಾಪಸು ಬರುತ್ತಿದ್ದರು. ಒಂದೊಂದು ಮುಖವನ್ನೂ ನೋಡಿದಳು. ಅಪ್ಪನ ಮುಖ ಇರಲಿಲ್ಲ. ಗೇಟಿನ ಹತ್ತಿರ ಕಾವಲಿನವನು ಕೈ ಅಡ್ಡ ಹಿಡಿದ, ‘ಹೆಂಗಸ್ರು ಒಳಗೆ ಬರಂಗಿಲ್ಲಮ್ಮಾ.’ ತಾಯಿಯನ್ನು ಮಣ್ಣು ಮಾಡಿದ ಜಾಗಕ್ಕೂ ಅವಳು ಈವರೆಗೆ ಕಾಲಿಟ್ಟಿರಲಿಲ್ಲ. ಮನೆಯಲ್ಲಿ ಕೂತು ದುವಾ ಹೇಳಿದರೆ ಮುಟ್ಟುತ್ತದೆ ಎಂದಿದ್ದರು, ನಂಬಿದ್ದಳು. ಈಗ ಅವಳು ಆ ಕೈಯನ್ನು ತಳ್ಳಿ ಒಳಗೆ ಓಡಿದಳು. ಅವನು ಕೂಗುತ್ತ ಹಿಂದೆ ಬಂದ.

ಖಬರಸ್ತಾನ ದೊಡ್ಡದು. ಹೊಸ ಮಣ್ಣಿನ ದಿಬ್ಬದ ಪಕ್ಕದಲ್ಲಿ ಅಕ್ತರ್ ಮಂಡಿಯೂರಿ ಕೂತಿದ್ದರು. ಎರಡೂ ಕೈಯಿಂದ ಮಣ್ಣು ತುಂಬಿ ದಿಬ್ಬದ ಮೇಲೆ ಹಾಕುತ್ತಿದ್ದರು, ಮತ್ತೆ ತುಂಬುತ್ತಿದ್ದರು. ಎಲ್ಲರೂ ಮೂರು ಹಿಡಿ ಹಾಕಿ ಹೋಗುತ್ತಾರೆ, ಅವರು ನಿಲ್ಲಿಸಿರಲಿಲ್ಲ. ಸುತ್ತಲಿನ ನೆಲವನ್ನು ಉಗುರಿನಲ್ಲಿ ಕೆರೆದಿದ್ದರು. ಪಾದದಡಿ ಗಾಜು ಹೊಕ್ಕು ರಕ್ತ ಮಣ್ಣಿನಲ್ಲಿ ಕಲಸಿಹೋಗಿತ್ತು. ಹಿಂದಿನಿಂದ ಬಂದ ಕಾವಲಿನವನು ಅದನ್ನು ನೋಡಿ ದೂರ ನಿಂತ.

‘ಅಬ್ಬಾ’ ಎಂದಳು ರಿಮ್ಶಾ.

ಅವರು ತಲೆಯೆತ್ತಿದರು. ಆ ಮುಖದಲ್ಲಿ ಅಂಥ ಸಂತೋಷವನ್ನು ಅವಳು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ‘ನನ್ನ ಹೆಂಡ್ತಿ’ ಎಂದರು, ದಿಬ್ಬದ ಕಡೆ ತೋರಿಸಿ. ‘ನಾನೇ ಎತ್ಕೊಂಡು ಬಂದೆ. ಇಷ್ಟು ದೂರ. ಯಾರಿಗೂ ಬಿಟ್ಕೊಡ್ಲಿಲ್ಲ.’

ಅವಳು ಅವರ ಪಕ್ಕದಲ್ಲಿ ಕುಸಿದು ಕೂತಳು. ಮಣ್ಣಾದ ಅವರ ಕೈಗಳನ್ನು ಹಿಡಿದುಕೊಂಡಳು. ಅವರು ಕೈ ಬಿಡಿಸಿಕೊಳ್ಳದೆ, ಪರಿಚಯವಿಲ್ಲದ ಹೆಂಗಸಿಗೆ ಹೇಳುವ ಹಾಗೆ ಹೇಳಿದರು, ‘ನನ್ನ ಮಗಳು ಮನೇಲಿ ಫೋನಲ್ಲಿ ನೋಡ್ತಾ ಇರ್ತಾಳೆ. ಅವಳಿಗೂ ಕಾಯಿಲೆ ಪಾಪ, ಬರೋ ಹಂಗಿಲ್ಲ. ಒಂದ್ಸಲ ಕೇಳಮ್ಮ ಅವಳನ್ನ. ಚಿತ್ರ ಎಲ್ಲೂ ನಿಲ್ಲಲಿಲ್ಲ ತಾನೆ?’

ರಿಮ್ಶಾ ಅಲ್ಲಿ, ಗಯಾಜರ ಹಸಿ ಮಣ್ಣಿನ ಪಕ್ಕ, ಬಾಯಿಬಿಟ್ಟು ಅತ್ತಳು. ‘ನಿಲ್ಲಲಿಲ್ಲ ಅಬ್ಬಾ, ಎಲ್ಲಾ ಕಾಣಿಸ್ತು’ ಎಂದಳು. ಅವರು ತಲೆಯಾಡಿಸಿ ಇನ್ನೊಂದು ಹಿಡಿ ಮಣ್ಣು ಹಾಕಿದರು.

ಹೊರಗೆ ಕರೆತರುವುದು ಸುಲಭವಾಗಿರಲಿಲ್ಲ. ಗೇಟಿನ ಹೊರಗೆ ಇನ್ನೊಂದು ಜನಾಜದ ವ್ಯಾನು ತಿರುಗುತ್ತಿತ್ತು. ಅದನ್ನು ಕಂಡದ್ದೇ ತಡ, ಅಕ್ತರ್ ಅವಳ ಕೈಯಿಂದ ನುಣುಚಿಕೊಂಡು ರಸ್ತೆಗೆ ನುಗ್ಗಿದರು. ನೀರಿನ ಟ್ಯಾಂಕರೊಂದು ಕಿರುಚಿಕೊಂಡು ನಿಂತಿತು. ಅವರ ಎದೆಗೂ ಅದರ ಮೂತಿಗೂ ನಡುವೆ ಒಂದು ಮೊಳವೂ ಇರಲಿಲ್ಲ. ಗಲ್ಲಿಯಲ್ಲಿ ಕೇಳಿಕೊಂಡು ಆಗ ತಾನೆ ಬಂದಿಳಿದ ಮೊಹ್ಸಿನ್ ಅದನ್ನು ಕಣ್ಣಾರೆ ನೋಡಿದ. ಅಪ್ಪನನ್ನು ಎರಡೂ ಕೈಯಿಂದ ತಬ್ಬಿ ಎತ್ತಿಕೊಂಡು, ಮಗುವಿನ ಹಾಗೆ ಆಟೋಗೆ ಹಾಕಿದ.

ಸಂಜೆ, ಅಪ್ಪನ ಪಾದಕ್ಕೆ ಪಟ್ಟಿ ಕಟ್ಟಿ ಮಲಗಿಸಿದ ಮೇಲೆ, ಮೊಹ್ಸಿನ್ ಮೆಲ್ಲಗೆ ಮಾತು ತೆಗೆದ. ‘ಹೊಸಕೋಟೆ ಹತ್ರ ವಯಸ್ಸಾದೋರನ್ನ ನೋಡ್ಕೊಳ್ಳೋ ಒಂದು ಹೋಮ್ ಇದೆ. ಹೋಗಿ ನೋಡ್ಕೊಂಡು ಬಂದಿದೀನಿ. ಒಂದು ರೂಮಲ್ಲಿ ಸಾಲಾಗಿ ಮಂಚ, ಕಿಟಕೀಗೆ ಗ್ರಿಲ್ಲು. ಕ್ಲೀನಾಗಿದೆ.’

‘ಅಲ್ಲಿ ಕಟ್ಟಿ ಹಾಕ್ತಾರಣ್ಣ.’

‘ರಾತ್ರಿ ಮಾತ್ರ ಅಂತ ಹೇಳಿದ್ರು.’ ಅವನು ಅವಳ ಮುಖ ನೋಡಲಿಲ್ಲ. ‘ನಾನೇನು ಕಟುಕನಾ ರಿಮ್ಶಾ? ಇವತ್ತು ಒಂದು ಗೇಣಲ್ಲಿ ತಪ್ಪಿತು. ನೀನು ಕೆಲಸ ಬಿಡೋ ಹಂಗಿಲ್ಲ, ನಾನು ಇಲ್ಲಿ ಬಂದು ಕೂರೋ ಹಂಗಿಲ್ಲ. ಹೋಮ್ ಬೇಡ ಅಂದ್ರೆ ಬೀಗ ಹಾಕು. ಎರಡರಲ್ಲಿ ಒಂದು ಹೇಳು. ಮೂರನೇದು ಇದ್ರೆ ಅದೂ ಹೇಳು, ಕೇಳ್ತೀನಿ.’

ಅತ್ತ ದರಿ, ಇತ್ತ ಪುಲಿ. ಮೂರನೆಯದು ಆ ಬಿಸ್ಕತ್ತಿನ ಡಬ್ಬಿಯಾಗಿತ್ತು. ಅವಳು ಅದರ ಕಡೆ ನೋಡಿದಳು.

ಮಾರನೆಯ ದಿನ ಅವಳು ರಜೆ ಹಾಕಿ ಡಬ್ಬಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು. ಬೋರ್ಡಿಗೆ ಬ್ಯಾಟರಿ ಕೊಟ್ಟಳು. ಇನ್ನು ಯಾರು ಯಾವ ಸ್ವಿಚ್ಚು ಒತ್ತಿದರೂ ಅದು ಆರುವುದಿಲ್ಲ. ಅದರ ವೈರನ್ನು ಸುತ್ತಿಸಿ ಒಳಕೋಣೆಯ ಪ್ಲಗ್ಗಿಗೆ ಹಾಕಿದಳು. ಬಾಗಿಲ ಪಕ್ಕದ ಸ್ವಿಚ್ಚನ್ನು ಮಾತ್ರ ಹಾಗೇ ಬಿಟ್ಟಳು. ಅದಕ್ಕೆ ಈಗ ಏನೂ ಅಂಟಿಕೊಂಡಿಲ್ಲ, ಅಪ್ಪನಿಗೆ ಒತ್ತಲು ಇರಲಿ ಎಂದು. ಮಂಚದ ಹಿಂದಿನ ಗೋಡೆಗೆ ಸೆಕೆಂಡಿನ ಕೆಂಪು ಮುಳ್ಳಿರುವ ಗಡಿಯಾರ ತೂಗುಹಾಕಿದಳು. ಮುಳ್ಳು ಓಡುತ್ತಿದ್ದರೆ ಚಿತ್ರ ಬದುಕಿದೆ ಎಂದರ್ಥ. ಯಾವ ದೋಷವನ್ನೂ ಅವಳು ಉಳಿಸಲಿಲ್ಲ.

ಅದೆಲ್ಲ ಮುಗಿದ ಮೇಲೆ ರಸಲ್ ಮಾರ್ಕೆಟ್ಟಿನ ಪಕ್ಕದ ಅಂಗಡಿಗೆ ಹೋಗಿ ಒಂದು ಬೀಗ ತಂದಳು. ಒಂದು ಕೀಲಿ ತನ್ನ ಚೀಲಕ್ಕೆ, ಇನ್ನೊಂದು ಮಾರಿಯಾ ಆಂಟಿಗೆ. ‘ಬೆಂಕಿ ಗಿಂಕಿ ಆದ್ರೆ, ಬಿದ್ದು ಗಿದ್ದು ಮಾಡಿದ್ರೆ ತೆಗೀರಿ ಆಂಟಿ. ಬಡಿದ್ರೆ ತೆಗೀಬೇಡಿ’ ಎಂದಳು. ಆಂಟಿ ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತ, ‘ನನ್ನ ಕೈಲಿ ಇದನ್ನ ಯಾಕೆ ಕೊಟ್ಟೆ ಕಂದಾ?’ ಎಂದು ಅತ್ತರು.

ಬೀಗ ಹಾಕಿದ ಮೊದಲ ದಿನ ಅಕ್ತರ್ ಬಡಿಯಲಿಲ್ಲ. ಎರಡನೆಯ ದಿನವೂ ಇಲ್ಲ. ಬಾಗಿಲ ತನಕ ಬಂದು, ಎಳೆದು ನೋಡಿ, ವಾಪಸು ಹೋಗಿ ಕೂತರು. ‘ಅಭ್ಯಾಸ ಆಗುತ್ತೆ ಬಿಡು’ ಎಂದಳು ಹಂಸ. ‘ಇನ್ನೊಂದ್ಸಲ ಲೈನ್ ಬಿಟ್ಟು ಓಡಬೇಡ ಕಣೇ. ನನ್ನ ಕೈ ಮೀರಿ ಹೋಗುತ್ತೆ.’ ರಿಮ್ಶಾ ತಲೆಯಾಡಿಸಿದಳು.

ಮುಂದಿನ ವಾರ ಒಂದು ಬೆಳಿಗ್ಗೆ, ಬೋರ್ಡೊಂದನ್ನು ಮುಳ್ಳಿನ ಮೇಲೆ ಕೂರಿಸುತ್ತಿದ್ದವಳು ಫೋನಿನ ಕಡೆ ನೋಡಿದಳು. ಅಪ್ಪ ಕತ್ತೆತ್ತಿ ಏನನ್ನೋ ಆಲಿಸುತ್ತಿದ್ದರು. ಚಿತ್ರಕ್ಕೆ ಸದ್ದಿಲ್ಲ, ಅವಳಿಗೆ ಏನೂ ಕೇಳಿಸಲಿಲ್ಲ. ಅವರು ಎದ್ದರು. ಕನ್ನಡಕ ತೆಗೆದು ಮಡಿಸಿ ಕಪಾಟಿನ ಮೇಲಿಟ್ಟರು. ಜೇಬಿನಿಂದ ಟೋಪಿ ತೆಗೆದು ಹಾಕಿಕೊಂಡು ಎರಡೂ ಕೈಯಿಂದ ಸರಿಮಾಡಿಕೊಂಡರು. ಬಾಗಿಲ ಪಕ್ಕದ ಸ್ವಿಚ್ಚನ್ನು ಒತ್ತಿದರು. ಆಮೇಲೆ ಬಾಗಿಲನ್ನು ಎಳೆದರು.

ಬರಲಿಲ್ಲ. ಇನ್ನೊಮ್ಮೆ ಎಳೆದರು. ರಿಮ್ಶಾಳ ಬೆರಳು ಮಾರಿಯಾ ಆಂಟಿಯ ಹೆಸರಿನ ಮೇಲೆ ಹೋಯಿತು. ಆಂಟಿ ಮನೆಯಲ್ಲೇ ಇದ್ದರು. ಒತ್ತಿದರೆ ಸಾಕು, ಬಾಗಿಲು ತೆರೆಯುತ್ತದೆ, ಅಪ್ಪ ನಾಲ್ಕು ಹೆಜ್ಜೆ ನಡೆಯುತ್ತಾರೆ. ನಾಲ್ಕಕ್ಕೆ ಯಾರು ನಿಲ್ಲಿಸುತ್ತಾರೆ? ಟ್ಯಾಂಕರಿನ ಮೂತಿ ಅವಳ ಕಣ್ಣ ಮುಂದೆ ಬಂತು. ಬೆರಳು ಹಾಗೇ ನಿಂತಿತ್ತು. ಅವಳು ಒತ್ತಲಿಲ್ಲ.

ಅಕ್ತರ್ ಬಾಗಿಲು ಬಡಿಯಲಿಲ್ಲ. ಮೆಲ್ಲಗೆ ತಿರುಗಿ, ಮಂಡಿಯನ್ನು ಕೊಂಚ ಬಗ್ಗಿಸಿ, ಬಾಗಿಲ ಅಡ್ಡಪಟ್ಟಿಯ ಕೆಳಗೆ ಬಲ ಹೆಗಲನ್ನು ಕೊಟ್ಟರು. ಅಂಗೈ ಮೇಲೆತ್ತಿ ಪಟ್ಟಿಯನ್ನು ಹಿಡಿದುಕೊಂಡರು. ತುಟಿ ಅಲುಗುತ್ತಿತ್ತು. ಹೊರಗೆ ಹೋಗುತ್ತಿದ್ದವರು ಯಾರೆಂದು ಅವಳಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದೆಲ್ಲ ಆಗಲೇ ಆಗಿಹೋದದ್ದು. ಜನಾಜ ಈ ಹೊತ್ತಿಗೆ ಗಲ್ಲಿಯ ತಿರುವನ್ನು ದಾಟಿರಬೇಕು. ಆದರೂ ಅಪ್ಪ ಹೆಗಲು ತೆಗೆಯಲಿಲ್ಲ. ಹಿಂದೆ ಕಾದಿದ್ದವನು ಬಂದು ಬಿಡಿಸಿಕೊಳ್ಳಬೇಕು, ಅದೇ ಪದ್ಧತಿ. ಬಿಡಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

‘ರಿಮ್ಶಾ, ಲೈನ್ ನಿಂತಿದೆ ಕಣೇ’ ಎಂದು ಹಂಸ ಕೂಗಿದಳು. ಅವಳು ಬೋರ್ಡು ಎತ್ತಿದಳು, ಹಸಿರು ಬಂತು, ಬಲಕ್ಕೆ ಇಟ್ಟಳು. ನೋಡಿದಳು. ಅಪ್ಪ ಬಾಗಿಲಿಗೆ ಹೆಗಲು ಕೊಟ್ಟು ನಿಂತೇ ಇದ್ದರು. ಚಿತ್ರ ನಿಂತಿದ್ದರೆ ಸಾಕು ಎಂದು ಬೇಡಿಕೊಂಡು ಗಡಿಯಾರದ ಕಡೆ ನೋಡಿದಳು. ಕೆಂಪು ಮುಳ್ಳು ಓಡುತ್ತಿತ್ತು.